ಬಿಗಿಯಣ್ಣನ ಗಂಟು

ಹತ್ತಿರ ಬನ್ನಿ. ಜೋರಾಗಿ ಹೇಳೋ ಕತೆ ಅಲ್ಲ ಇದು. ನಾನು ದೆವ್ವಗಳನ್ನ ಕಂಡಷ್ಟು ನೀವು ಮನುಷ್ಯರನ್ನೂ ಕಂಡಿರಲಿಕ್ಕಿಲ್ಲ. ಕೈ ಹಿಡಿದು ಎಳೆದ ದೆವ್ವದ ಕಪಾಳಕ್ಕೆ ಬಾರಿಸಿ ಕಳಿಸಿದವನು ನಾನು. ಆದರೆ ಇದೊಂದನ್ನ ಹೇಳುವಾಗ ಮಾತ್ರ ಈಗಲೂ ಬೆನ್ನಿಗೆ ಗೋಡೆ ಬೇಕು ನನಗೆ. ನನ್ನ ಚಿಕ್ಕಪ್ಪನ ಮಗನಿಗೆ ಆದದ್ದು.

ಅವನು ಕಾರ್ಖಾನೆಯಲ್ಲಿ ಫಿಟ್ಟರ್. ಕಂಪ್ರೆಸರ್ ಅಂತಾರಲ್ಲ, ಗಾಳಿ ಎಳೆದು ಒತ್ತಿ ಕಬ್ಬಿಣದ ಟ್ಯಾಂಕಿಗೆ ತುಂಬೋ ಮಿಷನ್, ಅದನ್ನ ನೋಡಿಕೊಳ್ಳೋನು. ಎಲ್ಲರ ಬಾಯಲ್ಲೂ ಬಿಗಿಯಣ್ಣ. ಅವನು ಬಿಗಿದ ಬೋಲ್ಟು ಬಿಚ್ಚೋಕೆ ಇಬ್ಬರು ಜೋತುಬೀಳಬೇಕು. ಮನೆಯಲ್ಲೂ ಅದೇ ಗೋಳು. "ನೀವು ಮುಚ್ಚಿದ ಡಬ್ಬಿ ತೆಗೀಬೇಕಂದ್ರೆ ನಿಮ್ಮನ್ನೇ ಡ್ಯೂಟಿಯಿಂದ ಕರೆಸಬೇಕು ಕಣ್ರೀ," ಅಂತ ಹೆಂಡತಿ ಬೈಯೋಳು.

ಆ ರಾತ್ರಿ ಮಿಷನ್ನಿನ ಬೋಲ್ಟನ್ನೆಲ್ಲ ಇನ್ನೊಂದು ಸುತ್ತು ಬಿಗಿದು ಮನೆ ಕಡೆ ಹೊರಟಿದ್ದ. ಕಾರ್ಖಾನೆ ಹಿಂದಿನ ಪಾಳುಬಾವಿ ಪಕ್ಕದ ದಾರಿ. ಚಪ್ಪಲಿಗೆ ಆಯಿಲ್ ಮೆತ್ತಿ ಹೆಜ್ಜೆ ಹೆಜ್ಜೆಗೂ ಪಚ್... ಪಚ್...

ಕೆಲವು ದಿನದಿಂದ ಮಿಷನ್ನಿಂದ ಆಯಿಲ್ ಸೋರ್ತಿತ್ತು. ಹೊರಗೆ ಸೋರಿದ್ದು ಸಾಲದು ಅಂತ ಗಾಳಿ ಜೊತೆ ಟ್ಯಾಂಕಿನೊಳಕ್ಕೂ ಹೋಗೋಕೆ ಶುರುವಾಗಿತ್ತು. ಸಂಜೆ ಸೂಪರ್‌ವೈಸರ್ ಅಂದಿದ್ದ: "ಬೆಳಗ್ಗೆ ಹೊತ್ತಿಗೆ ನಿಲ್ಲಬೇಕು. ಇಲ್ಲಾಂದ್ರೆ ನೀನೇ ಟ್ಯಾಂಕಿಗೆ ಇಳಿದು ಒರೆಸ್ತೀಯ. ಗೊತ್ತಾಯ್ತಾ?"

ಗೊತ್ತಾಗಿತ್ತು. ಆ ಟ್ಯಾಂಕಿಗೆ ಕೊನೇ ಸಲ ಇಳಿದವರು ಹಳೇ ಮೇಸ್ತ್ರಿ. ಜಿಡ್ಡು ತೊಳೆಯೋಕೆ ಪೇಂಟಿಗೆ ಬೆರೆಸೋ ಘಾಟು ಥಿನ್ನರ್ ಹಿಡಿದು ಇಳಿದಿದ್ದರು. ವಾಸನೆ ತಡೆಯೋಕೆ ಮೂಗು, ಬಾಯಿ ಮುಚ್ಚೋ ಹಾಗೆ ಚೌಕಳಿ ಬಟ್ಟೆ. ಹಿಂದೆ ಗಂಟು ಹಾಕಿದವನು ಬಿಗಿಯಣ್ಣ.

"ಸ್ವಲ್ಪ ಸಡಿಲ ಬಿಡೋ ತಮ್ಮಾ, ಉಸಿರು ಕಟ್ಟುತ್ತೆ."

"ಬಟ್ಟೆ ಜಾರಿಬಿದ್ದರೆ ಏನ್ ಮಾಡ್ತೀರಿ ಮೇಸ್ತ್ರಿ?" ಅಂತ ನಕ್ಕು, ಇನ್ನೊಂದು ಸಲ ಎಳೆದಿದ್ದ.

ಮೇಲಕ್ಕೆ ಎತ್ತಿದಾಗ ಜೀವ ಇರಲಿಲ್ಲ. ಬಟ್ಟೆ ಥಿನ್ನರಿನಲ್ಲಿ ತೊಯ್ದಿತ್ತು. ಗಂಟು ಕೆದಕಿ ಕೆದಕಿ ಮೇಸ್ತ್ರಿ ಬೆರಳೆಲ್ಲ ರಕ್ತ. ಅದನ್ನ ಯಾರ ಕೈಲೂ ಬಿಚ್ಚೋಕಾಗಲಿಲ್ಲ, ಕತ್ತರಿಸೋಕೆ ಯಾರಿಗೂ ಕೈ ಬರಲಿಲ್ಲ. ಬಟ್ಟೆ ಸಮೇತವೇ ಹೂತರು.

ಬಿಗಿಯಣ್ಣ ಬಾವಿ ದಾಟಿದ. ಪಚ್... ಪಚ್... ನಿಂತ.

ಮುಂದೆ, ಕತ್ತಲಲ್ಲಿ, ಪಚ್... ಅದು ನಿಲ್ಲಲಿಲ್ಲ. ಹತ್ತಿರ ಬಂತು. ಥಿನ್ನರ್ ವಾಸನೆ. ಆಮೇಲೆ ಬಟ್ಟೆ ಮುಚ್ಚಿದ ಬಾಯಿಂದ ಬಂದ ಹಾಗೆ...

"ಬಿಚ್ಚೋ..."

ಮನೆ ದಾರಿ ಬಿಟ್ಟು, ಬಂದ ದಾರಿಯಲ್ಲೇ ಎದ್ದುಬಿದ್ದು ಓಡಿದ.

"ಏನಣ್ಣಾ, ಹೆಂಡತಿ ಒಳಗೆ ಸೇರಿಸಲಿಲ್ವಾ?" ಅಂದ ರಾತ್ರಿ ಪಾಳಿ ಆಪರೇಟರ್.

"ಮಿಷನ್ ನಿಲ್ಸು. ಪೌಡರ್ ಡಬ್ಬಿ ಕೊಡು."

ಮುಖಕ್ಕೆ ಹಚ್ಚೋ ಪೌಡರೇ. ಸೋರೋ ಜಾಗ ಹಿಡಿಯೋಕೆ ಅವರದು ಅದೇ ಉಪಾಯ. ಮಿಷನ್ ಮೈಯೆಲ್ಲ ಒಣಗೋ ಹಾಗೆ ಒರೆಸಿ, ಪೌಡರ್ ಉದುರಿಸಿ, ಚಾಲೂ ಮಾಡೋದು. ಎಲ್ಲಿ ಕಪ್ಪಾಗುತ್ತೋ ಅಲ್ಲಿ ಸೋರ್ತಿದೆ ಅಂತ.

ಢಗ್... ಢಗ್... ಢಗ್... ತಿರುಗೋ ಶಾಫ್ಟಿನ ಹತ್ತಿರ ಪೌಡರ್ ಕಪ್ಪಾಯಿತು. ನಿಲ್ಲಿಸಿ ಬಿಗಿದ. ಪಕ್ಕದ ಮುಚ್ಚಳದಲ್ಲಿ ಜಿನುಗಿತು. ಬಿಗಿದ. ಇನ್ನೊಂದು ಕಡೆ ಬಂತು. ಬಿಗಿದಷ್ಟೂ ಬೇರೆ ಸಂದಿ ಹುಡುಕಿಕೊಂಡು ಬರುತ್ತಿತ್ತು.

"ಇನ್ನೂ ಬಿಗಿದ್ರೆ ಬೋಲ್ಟೇ ಕಿತ್ತು ಬರುತ್ತೆ ಕಣಣ್ಣಾ..."

"ಸುಮ್ನಿರೋ! ನಾಳೆ ಒಳಗಿಳಿಯೋನು ನಾನೋ ನೀನೋ?"

ಆಗ ಆಪರೇಟರ್ ಟಾರ್ಚ್ ಹಿಡಿದು ಹಾಗೇ ನಿಂತುಬಿಟ್ಟ. ಪೌಡರಿನ ಮೇಲೆ ಐದು ಕಪ್ಪು ಗೆರೆ. ಬೆರಳು ಎಳೆದ ಹಾಗೆ. ಆಯಿಲ್ ಕೆಳಕ್ಕೆ ಇಳಿಯೋ ವಸ್ತು ತಾನೆ? ಇದು ಹತ್ತುತ್ತಿತ್ತು... ಮೆಲ್ಲಗೆ... ಮಿಷನ್ ತಲೆಮೇಲಿನ ಟೋಪಿಯಂಥ ಸಣ್ಣ ಮುಚ್ಚಳದವರೆಗೂ ಹತ್ತಿ ನಿಂತಿತು.

ಆ ಟೋಪಿಗೆ ಅವರು ಮೂಗು ಅಂತಾರೆ. ಮಿಷನ್ ಹೊಟ್ಟೆಯೊಳಗೆ ಸೇರಿಕೊಂಡ ಗಾಳಿ ಅಲ್ಲಿಂದಲೇ ಹೊರಗೆ ಹೋಗಬೇಕು. ಅದು ಕಟ್ಟಿಕೊಂಡರೆ ಒಳಗಿನ ಒತ್ತಡ ಆಯಿಲನ್ನ ಸಿಕ್ಕ ಸಂದಿಯಿಂದೆಲ್ಲ ದಬ್ಬುತ್ತೆ. ನೀವು ಎಷ್ಟು ಬಿಗಿದರೂ ಅಷ್ಟೇ. ಬಿಗಿಯಣ್ಣ ಅದನ್ನ ಎಂದೂ ತೆಗೆದು ನೋಡಿದವನಲ್ಲ. ಬರೀ ಬಿಗಿದಿದ್ದ.

"ಬಿಚ್ಚೋ... ತಮ್ಮಾ..."

ಈ ಸಲ ಆಪರೇಟರಿಗೂ ಕೇಳಿಸಿತು.

ಮಿಷನ್ ನಿಲ್ಲಿಸಿ, ಇಬ್ಬರೂ ಜೋತುಬಿದ್ದು ಮೂಗು ತಿರುಗಿಸಿದರು. ಕಿರ್ರ್... ಕಿರ್ರ್... ಆಮೇಲೆ ಹುಸ್ಸ್ಸ್ಸ್ ಅಂತ, ಎಷ್ಟೋ ದಿನ ಉಸಿರು ಹಿಡಿದವರು ಬಿಟ್ಟ ಹಾಗೆ. ಒಳಗೆ ಏನೋ ತುರುಕಿಕೊಂಡಿತ್ತು. ಬಿಗಿಯಣ್ಣ ಬೆರಳು ಹಾಕಿ ಎಳೆದ. ಬಟ್ಟೆ. ಚೌಕಳಿ ಬಟ್ಟೆ...

ಮೂಗು ತೊಳೆದು ಕೂರಿಸಿ ಮತ್ತೆ ಪೌಡರ್ ಹಾಕಿ ಓಡಿಸಿದರು. ಬೆಳಗಾಗೋವರೆಗೂ ಒಂದು ತೊಟ್ಟು ಜಿನುಗಲಿಲ್ಲ. ಬಿಗಿಯಣ್ಣ ಟ್ಯಾಂಕಿಗೆ ಇಳಿಯೋದು ತಪ್ಪಿತು. ಆದರೆ ಅವನು ಆಮೇಲೆ ಸ್ಪ್ಯಾನರ್ ಮುಟ್ಟಲಿಲ್ಲ. ಇವತ್ತಿಗೂ ಅಂಗಿಯ ಕತ್ತಿನ ಗುಂಡಿ ಹಾಕೋದಿಲ್ಲ. ಮನೆಯ ಡಬ್ಬಿಗಳಿಗೆಲ್ಲ ಮುಚ್ಚಳ ಸುಮ್ಮನೆ ಕೂತಿರುತ್ತೆ, ಇರುವೆ ಹತ್ತುತ್ತೆ, ಹೆಂಡತಿ ಈಗ ಬೈಯೋದಿಲ್ಲ.

ಸುಳ್ಳು ಅಂತೀರಾ? ಆ ಬಟ್ಟೆ ಈ ಕೈಯಲ್ಲಿ ಹಿಡಿದು ನೋಡಿದ್ದೀನಿ ಕಣ್ರಯ್ಯ. ಎಂಥೆಂಥ ಗಂಟು ಬಿಚ್ಚಿದ ಕೈ ಇದು, ನನ್ನಿಂದಲೂ ಆಗಲಿಲ್ಲ. ಹಾಕಿದ ಗಂಟು ಹಾಗೇ ಇದೆ. ಸಂದಿಯಲ್ಲಿ ಒಂದು ಉಗುರು ಸಿಕ್ಕಿಕೊಂಡಿದೆ.