ಎಡಗಾಲಿಗೊಂದು ಬಳ್ಳಿ

...ಚಿಟ್ಟೆ ಬೇಡ ಕಣಮ್ಮ. ಪುಟ ತಿರುಗಿಸು. ಗೆಜ್ಜೆ... ಅದೂ ಬೇಡ. ಈ ಹಚ್ಚೆ ಅಂಗಡಿಯಲ್ಲಿ ನನ್ನಂಥವಳಿಗೆ ಒಂದೂ ಇಲ್ವಾ? ಯಾಕೆ ನಗ್ತೀಯ? ಊರು ಹೋಗು ಅಂತಿದೆ, ಕಾಡು ಬಾ ಅಂತಿದೆ, ಈಗ ಈ ಮುದುಕಿಗೆ ಶೋಕಿ ಅಂತ ತಾನೆ? ನಗು, ನಗು. ಮಗಳಿಗೆ ಗೊತ್ತಾದ್ರೆ ಅವಳೂ ನಗ್ತಾಳೆ. ನೂಲು ತರ್ತೀನಿ ಅಂತ ಹೇಳಿ ಬಂದಿದ್ದೀನಿ.

ಹಾಂ, ನಿಲ್ಲಿಸು. ಈ ಬಳ್ಳಿ. ಮೊಗ್ಗು ಇದೆಯಲ್ಲ, ಇದೇ. ಎಷ್ಟು ಮದುವೆ ಹೆಣ್ಣುಗಳ ರವಿಕೆ ಕುತ್ತಿಗೆಗೆ ಇಂಥದ್ದು ಹೊಲಿದಿದ್ದೀನಿ ಗೊತ್ತಾ? ನನ್ನ ರವಿಕೆಗೆ ಒಂದು ಎಲೆ ಹಾಕ್ಕೊಳ್ಳೋಕೂ ಪುರುಸೊತ್ತಾಗಲಿಲ್ಲ. ಎಡಗಾಲಿಗೇ ಹಾಕು. ಮಷಿನ್ ತುಳಿದಿದ್ದು ಇದೇ. ನಮ್ಮನೆಯವರು ಹೋದ ಮೇಲೆ ಮಗಳನ್ನ ಸಾಕಿದ್ದೂ ಇದೇ ಕಾಲು.

ಬೆರಳಿಗೆ ಸುತ್ತಿರೋ ಆ ಪಟ್ಟಿ ಬಿಚ್ಚಬೇಡಮ್ಮ. ಚಪ್ಪಲಿ ಕಚ್ಚಿದೆ, ಅಷ್ಟೆ. ಶುಗರ್ರಾ? ಇಲ್ಲಪ್ಪ, ನಂಗೆಲ್ಲಿ ಶುಗರ್! ಬಳ್ಳಿ ಪಾದದ ಮೇಲೇ ಮುಗೀಲಿ, ಮೇಲಕ್ಕೆ ಹತ್ತಿಸಬೇಡ. ಎರಡು ವಾರ ನೀರು ತಾಗಿಸಬಾರದಾ? ಆಯ್ತು, ಆಯ್ತು. ಅಷ್ಟು ದಿನ ಎಲ್ಲಿ... ಏನಿಲ್ಲ. ನೀನು ಶುರು ಮಾಡು. ನೋವಾದ್ರೆ ಹೇಳ್ತೀನಿ. ಮೊದಲ ಸಲ ಸೂಜಿ ಬೆರಳಿಗೆ ಹೋದಾಗ ನಾನು ಬೀದಿ ಕೇಳೋ ಹಾಗೆ ಕಿರುಚಿದ್ದೆ. ನಮ್ಮಮ್ಮ ಬೆರಳು ಬಿಟ್ಟು ಬಟ್ಟೆ ನೋಡಿದಳು, ರಕ್ತ ತಾಗಿದೆಯಾ ಅಂತ...

ಯಾಕೆ ತಲೆ ಎತ್ತಿದೆ? ಇನ್ನೂ ಶುರುವೇ ಮಾಡಿಲ್ಲವಲ್ಲ.

ಏನು?

ಆಗಿಂದ ಚುಚ್ತಾ ಇದ್ದೀಯಾ?

...ಒಂದು ಎಲೆ ಆಗೇ ಹೋಗಿದೆಯಲ್ಲ. ಚೆನ್ನಾಗಿದೆ. ಅಯ್ಯೋ, ಹಾಗೆ ನೋಡಬೇಡ ಮಗಳೇ. ಏನಾದ್ರೂ ಬೈದುಬಿಡು.

ಸರಿ. ನಾಳಿದ್ದು ಆಸ್ಪತ್ರೇಲಿ ಈ ಪಾದ ತೆಗೀತಾರೆ. ಶುಗರ್ರೇ ಕಣಮ್ಮ, ಕೊಳೆತ ಬೆರಳಿಂದ ಮೇಲಕ್ಕೆ ಬಂದಿದೆಯಂತೆ. ಪಟ್ಟಿ ಒಳಗೆ ಪೂರ್ತಿ ಕಪ್ಪು. ನಿಜ ಹೇಳಿದ್ರೆ ನೀನು ಮುಟ್ತಾ ಇರಲಿಲ್ಲ, ಅದಕ್ಕೇ ಹೇಳಲಿಲ್ಲ. ಕತ್ತರಿಸಿ ಬಿಸಾಕೋ ಬಟ್ಟೆಗೆ ಯಾರಾದ್ರೂ ಕಸೂತಿ ಹಾಕ್ತಾರಾ ಅಂತ ತಾನೆ ನಿನ್ನ ಯೋಚನೆ? ನಾನೂ ಯಾವತ್ತೂ ಹಾಕಿದವಳಲ್ಲ.

ಡಾಕ್ಟರನ್ನ ಕೇಳಿದೆ, ಆಮೇಲೆ ಅದನ್ನ ಎಲ್ಲಿ ಹಾಕ್ತೀರಿ ಅಂತ. ಅವರು ತಲೆ ಎತ್ತಲಿಲ್ಲ. ಆಸ್ಪತ್ರೆ ತೊಟ್ಟೀಲಿ ಯಾರ್ಯಾರದ್ದೋ ಕೈಕಾಲು ಇರುತ್ತೆ. ಅದರ ನಡುವೆ ಇದು ಬರಿಗಾಲಲ್ಲಿ ಹೋಗೋದು... ನನಗೆ ಸಹಿಸೋಕಾಗಲಿಲ್ಲ ಕಣಮ್ಮ. ಇಷ್ಟು ವರ್ಷ ದುಡಿದಿದೆ. ಏನಾದ್ರೂ ಉಡಿಸಿ ಕಳಿಸೋಣ ಅಂತ.

ಸೂಜಿ ಪಕ್ಕಕ್ಕಿಟ್ಟೆಯಾ? ಗೊತ್ತಿತ್ತು. ತಪ್ಪೇನಿಲ್ಲ ಬಿಡು, ನಿನ್ನ ಜಾಗದಲ್ಲಿ ನಾನಿದ್ದರೂ ಇಡ್ತಿದ್ದೆ. ಇರು, ಏಳ್ತೀನಿ. ಚಪ್ಪಲಿ ಎಲ್ಲಿ...

ಅಳ್ತಿದ್ದೀಯಾ? ಬಗ್ಗಿ ಏನು ಮಾಡ್ತಿದ್ದೀಯ ಅಲ್ಲಿ?

ಓ... ಪಾದ ಹಿಡ್ಕೊಂಡಿದ್ದೀಯಾ. ನಂಗೆ ಗೊತ್ತೇ ಆಗಲಿಲ್ಲ ಮಗಳೇ. ಇನ್ನೂ ಸ್ವಲ್ಪ ಗಟ್ಟಿಯಾಗಿ ಹಿಡಿ. ಆಗಲಾದ್ರೂ ಗೊತ್ತಾಗುತ್ತಾ ನೋಡೋಣ.