ಮೇಲಿಂದ ಒರೆಸಬೇಕು

ಭುಜ ನೋವೆಂದು ಫಿಸಿಯೋಥೆರಪಿಗೆ ಬಂದಿದ್ದ ದರ್ಜಿ, ಪಕ್ಕದ ಬೆಂಚಿನ ಇಬ್ಬರು ಹೆಂಗಸರ ಮಾತಿಗೆ ಬೇಡಬೇಡವೆಂದರೂ ಕಿವಿಗೊಟ್ಟ.

“ನಮ್ಮಣ್ಣ ಕೊನೆಗೂ ಬಾಯಿ ಬಿಟ್ನಂತೆ? ಹೇಗೇ?”

“ಕಾರು ತೊಳೀತಿದ್ದೆ ಅತ್ತೆ. ಅಪ್ಪ ಕಿಟಕೀಲಿ ಕೂತು ನೋಡ್ತಿದ್ರು. ಒರೆಸೋವಾಗ ಮೊದಲು ಕಾರಿನ ಬಾಗಿಲಿಗೇ ಬಟ್ಟೆ ಹಾಕ್ದೆ.”

“ಮೇಲಿನ ನೀರೆಲ್ಲ ಮತ್ತೆ ಇಳಿಯಲ್ವೇನೇ?”

“ಇಳೀತು. ‘ಮೇಲಿಂದ!’ ಅಂತ ಕೂಗಿದ್ರು. ಲಕ್ವ ಹೊಡೆದ ಮೇಲೆ ಅದೇ ಮೊದಲ್ನೇ ಮಾತು.”

“ನಾನು ಬಂದಾಗೆಲ್ಲ ಗೋಗರೆದೆ, ತುಟಿ ಬಿಚ್ಚಲಿಲ್ಲ. ಕಾರಿಗೆ ಬಿಚ್ಚಿದ ನೋಡು!”

“ಇವತ್ತೂ ಬೇಕಂತ್ಲೇ ಬಾಗಿಲಿಂದ ಶುರು ಮಾಡಿದೆ.”

“ಬೈದ್ನಾ?”

“‘ಎಷ್ಟು ಸಲ ಹೇಳ್ಬೇಕು ನಿಂಗೆ’ ಅಂದ್ರು. ಬೈಸ್ಕೊಳ್ಳೋದು ಇಷ್ಟು ಹಿತ ಅಂತ ಗೊತ್ತೇ ಇರ್ಲಿಲ್ಲ. ಆಮೇಲೆ ಅವರು ಒಳಗೆ ಹೋದಾಗ ಸಂದಿಗೊಂದೀನೂ ಬಿಡದೆ ಒರೆಸ್ದೆ. ನೀವು ಅಪ್ಪಂಗೆ ಹೇಳ್ಬೇಡಿ, ಆಯ್ತಾ?”

ಅಷ್ಟರಲ್ಲಿ ಚಿಕಿತ್ಸೆಯ ಕೋಣೆಯಿಂದ ಅವಳ ಅಪ್ಪ ಊರುಗೋಲು ಊರುತ್ತ ಬಂದರು. ಮಗಳನ್ನು ದುರುಗುಟ್ಟಿ ನೋಡಿ, ಪದಗಳನ್ನು ಎಳೆದೆಳೆದು ಕೇಳಿದರು.

“ಕನ್ನಡಿ... ಹಿಂದೆ... ಒರೆಸಿದ್ಯಾ?”

“ಅಯ್ಯೋ, ಮರ್ತೇಬಿಟ್ಟೆ ಅಪ್ಪ!”

ಅತ್ತೆ ಅವಳ ಕೈಯನ್ನು ಮೆಲ್ಲಗೆ ಹಿಸುಕಿದ್ದು ದರ್ಜಿಗೆ ಕಂಡಿತು. ಮೂವರೂ ಮೆಟ್ಟಿಲಿಳಿದು ಮರೆಯಾಗುವವರೆಗೂ ಅಪ್ಪನ ತೊದಲು ಬೈಗುಳ ಅವನಿಗೆ ಕೇಳಿಸುತ್ತಲೇ ಇತ್ತು.