ಹಗ್ಗ ನೋಡೂ ಗುರುಬಾಯಿ

ಅತ್ತಿ, ನನ್ನ ಸೀರಿ ಯಾಕ ಗಂಟು ಕಟ್ಟಾಕತ್ತೀರಿ? ಇಡ್ರಿ ಕೆಳಗ. ಇಡ್ರಿ ಅಂದೆ! ನಿನ್ನೆ ದಾದರ್‌ದಾಗ ಇಳಿದು, ಲೋಕಲ್ ರೈಲಿನ್ಯಾಗ ನಿಂತು, ಈ ದಹಿಸರ್ ತನಕಾ ಬಂದೀರಿ... ಸೊಸಿ ಮಾರಿ ನೋಡಾಕ ಬಂದಾರ ಅಂತ ಖುಷಿ ಪಟ್ಟಿದ್ದೆ. ನೀವು ನೋಡಿದ್ರ ಊರಿಗೆ ಎಳಕೊಂಡು ಹೋಗಾಕ ಬಂದೀರಿ!

ಬರೂದಿಲ್ಲ. ಹೂಂ, ಬರೂದಿಲ್ಲ! ಚಹಾ ಆರಾಕತ್ತೈತಿ, ಮೊದಲ ಅದನ್ನ ಕುಡೀರಿ.

ಏನು... ಮುಂಜಾನೆ ನಾ ಒದರಿದ್ದಕ್ಕ ನಿಮಗ ನಾಚಿಕಿ ಬಂತಾ? "ಏ ಚೆನ್ನಯ್ಯಾ, ಬಲಕ್ಕ ಸರಿ! ಏ ಅಣವೀರಪ್ಪಾ, ಆ ಹಲಗಿ ತುಳೀಬ್ಯಾಡ!" ಅಂದೆ. ಹೌದು, ಗಂಡಸರ ಹೆಸರು ಹಿಡದು ಕರದೆ. ದಿನಾ ಕರೀತೀನಿ. ಯಾಕ ನಗ್ತೀರಿ? ನಗ್ರಿ, ನಗ್ರಿ. ಕೆಲಸ ಮಾಡಸೂ ಮುಕಾದಮ ಸಿದ್ದಲಿಂಗಪ್ಪನೂ ನಕ್ಕಿದ್ದ. "ಬುಟ್ಟಿ ಹೊರೂ ಹೆಂಗಸು ನೀ, ಪರಾಂಚಿ ಹಗ್ಗ ಏನು ನೋಡ್ತಿ?" ಅಂದ. ಪರಾಂಚಿ ಅಂದ್ರ ಅದೇ ಅತ್ತಿ, ಬಿಲ್ಡಿಂಗಿಗೆ ಕಟ್ಟ್ಯಾರಲ್ಲ, ಬಿದಿರಿನ ಅಟ್ಟಣಿಗಿ. ಮೂರು ದಿನ ಅವನ ಬೆನ್ನು ಬಿಡಲಿಲ್ಲ. ನಾಕನೇ ದಿನ ಒಂದು ಹಳೇ ಹಗ್ಗ ತಂದು ಅವನ ಕೈಯಾಗ ಇಟ್ಟು, "ಜಗ್ಗು" ಅಂದೆ. ಪಟ್ ಅಂತ ಹರೀತು! ಅವತ್ತಿನಿಂದ ನಾ ನೋಡಿ ಹೂಂ ಅಂದ ಮ್ಯಾಲೇ ಗಂಡಸರು ಮ್ಯಾಲ ಹತ್ತೂದು.

ಎಂಬತ್ತೇಳರ ದೀಪಾವಳಿ ಮುಂದ ನಿಮ್ಮ ಮಗಾ ಪರಾಂಚಿಯಿಂದ ಬಿದ್ದು ಸತ್ತ ಮ್ಯಾಲ ಆರು ತಿಂಗಳ ನಾ ಬಾಯಿ ಬಿಟ್ಟಿರಲಿಲ್ಲ, ಗೊತ್ತೈತೇನು? ಇದೇ ಜೋಪಡ್ಯಾಗ ಗ್ವಾಡಿಗೆ ಮಾರಿ ಮಾಡಿ ಮಲಗತಿದ್ದೆ. ಮಗ್ಗಲ ಮನಿ ಮಲ್ಲಕ್ಕ ಬಾಯಾಗ ಗಂಜಿ ಹಾಕತಿದ್ದಳು. ಆ ಗುರುಬಾಯಿ ಸತ್ತಳು ಅಂತ ತಿಳೀರಿ. ಇವತ್ತು ನಾ ಒದರಿದ್ರ ಏಳನೇ ಮಾಳಿಗಿ ತನಕಾ ಕೇಳತೈತಿ!

ಹಗ್ಗ ನೋಡೂದಂದ್ರ ಸುಮ್ಮನ ಅಲ್ಲತ್ತಿ. ಗಂಟು ಒಮ್ಮಿಗೇ ಬಿಚ್ಚೂದಿಲ್ಲ. ಮೊದಲ ಹಲಗಿ ಎಡಕ್ಕ ಒಂದು ಬಟ್ಟು ಇಳೀತೈತಿ. ಒಣಗಿದ ಸಿಮೆಂಟು ಪುಡಿ ಉದರ್ತೈತಿ, ಬಿಸಿಲಾಗ ಕಾಣತೈತಿ. ಆಮ್ಯಾಲ ಹಗ್ಗದ ತುದಿ ಮೆಲ್ಲಕ ಜಾರ್ತೈತಿ... ಅವರು ಇನ್ನೂ ಸಿಮೆಂಟು ಬಳಿಯೂ ಥಾಪಿ ಆಡಿಸಕೋತ, ಬೀಡಿ ಬಾಯಾಗ ಇಟಕೊಂಡು...

ಯಾಕ ಚಹಾ ಕೆಳಗ ಇಟ್ರಿ?

ಹಾಂಗ ನೋಡಬ್ಯಾಡ್ರಿ. ಹೌದು... ನಳದ ಕಡೆ ನೀರಿಗೆ ಹೋಗಿದ್ದೆ ಅಂತ ಹೇಳಿದ್ದೆ. ನಿಮಗೂ ಹೇಳಿದ್ದೆ, ಪೊಲೀಸರಿಗೂ ಹೇಳಿದ್ದೆ, ಅಷ್ಟು ಹೇಳಿದ ಮ್ಯಾಲೇ ಬಾಯಿ ಮುಚ್ಚಿದ್ದು. ಏನರ ಅನ್ರಿ ಅತ್ತಿ... ಬೈಯ್ರಿ!

ಹೋಗಿರಲಿಲ್ಲ. ಇಲ್ಲೇ ಪರಾಂಚಿ ಕೆಳಗ, ಬುಟ್ಟಿ ಹೊತ್ತು ನಿಂತಿದ್ದೆ. ಕಣ್ಣಾರೆ ನೋಡಿದೆ. "ಏನ್ರೀ! ಏನ್ರೀ!" ಅಂತ ಒದರಿದೆ. ಮ್ಯಾಲ ಹತ್ತು ಮಂದಿ ಗಂಡಸರು, ಕೆಳಗ ಅವರ ಹೆಂಡರು. ದಿನಬೆಳಗಾದ್ರ ಎಲ್ಲಾರೂ "ಏನ್ರೀ" ಅಂತನೇ ಕರೀತೀವಿ. ಯಾರು ಹೊಳ್ಳಿ ನೋಡ್ತಾರ? ಒಬ್ಬರೂ ನೋಡಲಿಲ್ಲ. ಹೆಸರು ನಾಲಿಗಿ ತುದಿಗೆ ಬಂದಿತ್ತು ಅತ್ತಿ... ಲಗ್ನದಾಗ ಗಂಡನ ಹೆಸರು ಹೇಳೂ ಒಡಪಿನ್ಯಾಗ ಒಮ್ಮೆ ಹೇಳಿದ್ದು, ಅಷ್ಟೇ. ಅವತ್ತು ನೀವೇ ಕಿವ್ಯಾಗ ಹೇಳಿದ್ರಿ, ಇನ್ನ ಮುಂದ ಗಂಡನ ಹೆಸರು ಹಿಡೀಬ್ಯಾಡ, ಅವನ ಆಯುಷ್ಯ ಕಡಿಮಿ ಆಗತೈತಿ ಅಂತ. ಅವರ ಆಯುಷ್ಯ ಉಳಿಸಾಕ ನಾ ನಾಲಿಗಿ ಕಚ್ಚಿ ನಿಂತೆ!

ಅಳ್ರಿ. ಬ್ಯಾಡ ಅನ್ನೂದಿಲ್ಲ. ನನ್ನ ಮ್ಯಾಲ ಸಿಟ್ಟು ಬಂದ್ರ ಅದೂ ಇರಲಿ, ಹೊರತೀನಿ. ಆದ್ರ ಈ ಬಾಯಿ ಮತ್ತ ಮುಚ್ಚೂದಿಲ್ಲ. ಊರಿಗೆ ಬಂದು ಸೆರಗು ಹೊದ್ದು ಮೂಲ್ಯಾಗ ಕೂಡೂದಿಲ್ಲ ನಾ. ಆ ಗಂಟು ಬಿಚ್ರಿ.

ಬಿಚ್ಚೂದಿಲ್ಲಾ? ಹಾಂಗಾರ ಇಲ್ಲಿ ಬರ್ರಿ, ಬಾಗಲಕ್ಕ. ಕೇಳ್ರಿ, ಅವತ್ತು ನಾಲಿಗಿ ತುದ್ಯಾಗ ನಿಂತ ಹೆಸರು.

ಬಂಡೆಪ್ಪಾ! ಏ... ಬಂಡೆಪ್ಪಾ!

ನೋಡಿದ್ರ್ಯಾ? ಪರಾಂಚಿ ಮ್ಯಾಲಿನವರು ಎಲ್ಲಾರೂ ಕೆಲಸ ಬಿಟ್ಟು ಹೊಳ್ಳಿ ನೋಡಾಕತ್ತಾರ. ತಮ್ಮ ಹೆಸರಲ್ಲದಿದ್ರೂ ನೋಡಾಕತ್ತಾರ.

ಅವತ್ತು ಹಿಂಗ ಕರದಿದ್ರ ಅವರೂ ನೋಡತಿದ್ರು, ಅತ್ತಿ.